ಸಪ್ಪೆ ಸಲೈನ್

ಜೂನ್ 9, ಸೋಮವಾರ. ಬಸ್ಸಿನಲ್ಲಿ.

ಇವತ್ತೂ ಜೀವಕೋಶದ ಪೊರೆಯೇ. ಎರಡು ಪದರ ಕೊಬ್ಬು. ತಲೆ ಹೊರಕ್ಕೆ, ಬಾಲ ಒಳಕ್ಕೆ. ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ನಮ್ಮ ಮನೆಯ ಹಾಗೆ — ಅಮ್ಮನಿಗೆ ಕಿಟಕಿ ಮುಚ್ಚಬೇಕು, ನನಗೆ ತೆರೆಯಬೇಕು. ಆದರೂ ಸಂಸಾರ ನಡೆಯುತ್ತಿದೆ.

ಅನಾಟಮಿ ಅಂತ ಸೇರಿದ್ದು. ಎಲುಬು, ಹೃದಯ, ಶ್ವಾಸಕೋಶ ಅಂದುಕೊಂಡಿದ್ದೆ. ಇವರು ಶುರುವಿನಿಂದ ಕೊಬ್ಬು, ಸಕ್ಕರೆ, ಪ್ರೋಟೀನು ಅಂತ ಕೊರೆಯುತ್ತಿದ್ದಾರೆ. ಇಟ್ಟಿಗೆ ಗೊತ್ತಿಲ್ಲದವರಿಗೆ ಮನೆ ಗೊತ್ತಾಗಲ್ಲ ಅನ್ನುತ್ತಾರೆ ಮೇಡಂ. ಇರಬಹುದು. ಆದರೆ ಇಟ್ಟಿಗೆಯನ್ನೂ ಬಾಯಿಪಾಠವೇ ಮಾಡಿಸಬೇಕೆ?

ಮೇಡಂ ನನಗಿಂತ ಚಿಕ್ಕವರು. ಎಲ್ಲರಿಗೂ 'ನೀನು', ನನಗೊಬ್ಬಳಿಗೆ 'ನೀವು'. ಆ 'ನೀವು'ವಿನಲ್ಲಿ ಮರ್ಯಾದೆಗಿಂತ ಬೇಸರವೇ ಜಾಸ್ತಿ. ಹಿಂದಿನ ಬೆಂಚಿನವರು ಆಂಟಿ ಅನ್ನುತ್ತಾರೆ. ಪಕ್ಕದಲ್ಲಿ ಕೂರುವ ಉದ್ದ ಕತ್ತಿನ ಹುಡುಗ — ಜಿರಾಫೆ ಅಂತ ಹೆಸರಿಟ್ಟಿದ್ದೇನೆ — ಇವತ್ತು ಕೇಳಿದ.

"ಆಂಟಿ, ಈ ವಯಸ್ಸಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ಏನ್ಮಾಡ್ತೀರಾ?"

"ನಿನ್ನ ರಕ್ತ ತೆಗೀತೀನಿ."

ಬೆರಳು ಮಡಚಿ ಕೈ ಬೆನ್ನ ಹಿಂದೆ ಇಟ್ಟುಕೊಂಡ.

ಜೂನ್ 12, ಗುರುವಾರ. ಸಂಜೆ.

ಬೆಳಿಗ್ಗೆ ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಒಬ್ಬ ಮುದುಕ. ಬಲಗಣ್ಣು ಮುಚ್ಚಿ ಓದಿ ಅಂದರೆ ಎಲ್ಲ ಸಾಲೂ ಗಡಗಡ ಹೇಳಿದ. ಬೋರ್ಡು ತಿರುಗಿಸಿ ಹಿಂಬದಿಯ ಅಕ್ಷರ ತೋರಿಸಿದೆ. ಆಗಲೂ ಅದೇ ಹಳೇ ಸಾಲು! ಕಾಯುತ್ತ ಕೂತಿದ್ದಾಗ ಬಾಯಿಪಾಠ ಮಾಡಿದ್ದನಂತೆ. ನಗು ಬಂತು. ಸಂಜೆಗೆ ಆ ನಗು ಇಳಿದುಹೋಯಿತು.

ಸಂಜೆ ಪ್ರಾಕ್ಟಿಕಲ್. ಗಾಜಿನ ಸ್ಲೈಡಿನ ಮೇಲೆ ಒಂದು ಹನಿ ಸಲೈನ್. ಬೆರಳಿಗೆ ಸೂಜಿ ಚುಚ್ಚಿ ಅದಕ್ಕೆ ಚೂರು ರಕ್ತ ತಾಗಿಸಬೇಕು. ಮೇಲೆ ತೆಳು ಗಾಜು ಮುಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಕೆಂಪು ರಕ್ತಕಣ ಕಾಣಬೇಕು. ದುಂಡಗೆ, ನಡುವೆ ತಗ್ಗು. ಬೆಳಿಗ್ಗೆಯಿಂದ ಇದಕ್ಕೇ ಕಾದಿದ್ದೆ.

ನೋಡಿದೆ. ಏನೂ ಇಲ್ಲ. ತೆಳು ಗುಲಾಬಿ ಬಣ್ಣದ ಬಯಲು. ಒಂದು ಧೂಳಿನ ಎಳೆ. ಫೋಕಸ್ ತಿರುಗಿಸಿದೆ, ಬೆಳಕು ಹೆಚ್ಚಿಸಿದೆ, ಇನ್ನೊಂದು ಬೆರಳು ಚುಚ್ಚಿದೆ. ಅದೇ ಬಯಲು. ಪಕ್ಕಕ್ಕೆ ತಿರುಗಿದರೆ ಜಿರಾಫೆಯ ರೆಕಾರ್ಡ್ ಬುಕ್ಕಿನಲ್ಲಿ ಆಗಲೇ ಪುಟ ತುಂಬ ಕಣಗಳು. ನಾಣ್ಯ ಇಟ್ಟು ಸುತ್ತ ಗೆರೆ ಎಳೆಯುತ್ತಿದ್ದ. ಎಲ್ಲರ ಕೈಯಲ್ಲೂ ನಾಣ್ಯ.

"ನಿಂಗೆ ಕಾಣ್ತಾ?"

"ಬುಕ್ಕಲ್ಲಿದೆಯಲ್ಲ ಆಂಟಿ."

ಮೇಡಂ ಬಂದರು. ನನ್ನ ಮೈಕ್ರೋಸ್ಕೋಪಿಗೆ ಬಗ್ಗಲೂ ಇಲ್ಲ. "ಬಿಡಿಸಿ, ಬೇಗ. ಅಟೆಂಡರ್ ಬಾಗಿಲು ಹಾಕ್ಬೇಕು."

"ಕಣ ಕಾಣ್ತಿಲ್ಲ ಮೇಡಂ."

"ಪುಸ್ತಕದ್ದು ನೋಡಿ ಬಿಡಿಸಿ. ಎಲ್ರೂ ಹಾಗೇ ಮಾಡೋದು."

ದೊಡ್ಡದೊಂದು ಸುತ್ತು ಎಳೆದೆ. ಒಳಗೆ ಏನೂ ಬಿಡಿಸಲಿಲ್ಲ. ಕೆಳಗೆ ಬರೆದೆ: ಕೆಂಪು ರಕ್ತಕಣ ಕಾಣಲಿಲ್ಲ. ನಸುಗುಲಾಬಿ ದ್ರವ ಮಾತ್ರ.

ಜೂನ್ 16, ಸೋಮವಾರ

ರೆಕಾರ್ಡು ವಾಪಸ್ ಬಂತು. ನನ್ನ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆ. 'ಮತ್ತೆ ಬಿಡಿಸಿ.' ಸಹಿ ಇಲ್ಲ.

ಎಲ್ಲ ಪುಟಕ್ಕೂ ಸಹಿ ಬೀಳದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಪರೀಕ್ಷೆ ಪಾಸಾಗದಿದ್ದರೆ ಟೆಕ್ನಿಷಿಯನ್ ಕೋರ್ಸಿಗೆ ಸೀಟಿಲ್ಲ. ಮುಂದಿನ ವರ್ಷ ನೋಡಿಕೊಳ್ಳೋಣ ಅನ್ನಲು ನನಗೆ ಮುಂದಿನ ವರ್ಷವೂ ಇಲ್ಲ, ವಯಸ್ಸಿನ ಮಿತಿ ದಾಟಿರುತ್ತದೆ. ರೆಕಾರ್ಡು ಒಪ್ಪಿಸಲು ಕೊನೆಯ ದಿನ ಇಪ್ಪತ್ತೇಳು, ಶುಕ್ರವಾರ.

ಹಿಂದಿನ ಬೆಂಚಿನಿಂದ ಒಬ್ಬಳು ಪಿಸುಗುಟ್ಟಿದಳು, "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ." ನನಗೆ ಕೇಳಲೆಂದೇ ಅಂದದ್ದು. ತಿರುಗಿ ನೋಡಲಿಲ್ಲ. ನೋಡಿದ್ದರೆ ಕೈಯಲ್ಲಿದ್ದ ರೆಕಾರ್ಡು ಅವಳ ತಲೆಯ ಮೇಲಿರುತ್ತಿತ್ತು.

ಒಂದು ಪುಟಕ್ಕೆ ಇಷ್ಟೊಂದು ಹಟವೇಕೆ ಅಂತ ನನ್ನನ್ನೇ ಕೇಳಿಕೊಂಡರೆ ಉತ್ತರ ಬರೆಯಲೇಬೇಕು. ಬರೆಯುತ್ತೇನೆ.

ಅಕ್ಕ ಸುಸ್ತು ಸುಸ್ತು ಅನ್ನುತ್ತಿದ್ದಳು. ತೋಳಿನ ಮೇಲೆ ನೀಲಿ ಕಲೆ. ಎಲ್ಲೋ ತಾಗಿಸಿಕೊಂಡಿರ್ತೀಯ ಅಂದಳು ಅಮ್ಮ. ಲ್ಯಾಬಿನಲ್ಲಿ ರಕ್ತ ಕೊಟ್ಟು ಬಂದೆವು. ರಿಪೋರ್ಟಿನಲ್ಲಿ — ಕಣಗಳ ಗಾತ್ರ, ಆಕಾರ ನಾರ್ಮಲ್. ನಾವೂ ನಿಶ್ಚಿಂತೆಯಿಂದ ಇದ್ದೆವು. ಅಕ್ಕನಿಗೆ ಸೋಮಾರಿ ಅಂತ ರೇಗಿಸಿದ್ದೂ ಉಂಟು. ದೊಡ್ಡಾಸ್ಪತ್ರೆಗೆ ಹೋಗುವ ಹೊತ್ತಿಗೆ ರಕ್ತದ ತುಂಬ ಕ್ಯಾನ್ಸರು. ಅಲ್ಲಿಯ ಡಾಕ್ಟರು ಆ ಹಳೇ ಸ್ಲೈಡು ತರಿಸಿಕೊಂಡರು. ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟು, "ಇದಕ್ಕೆ ಬಣ್ಣವನ್ನೇ ಹಾಕಿಲ್ಲ" ಅಂದರು. ಬಣ್ಣ ಹಾಕದ ಸ್ಲೈಡಿನಲ್ಲಿ ಆ ಕಣಗಳನ್ನು ಗುರುತಿಸಲು ಆಗುವುದೇ ಇಲ್ಲವಂತೆ. ಅಂದರೆ ಯಾರೂ ನೋಡಿಲ್ಲ. ಆ ಲ್ಯಾಬಿನವನು ನೋಡದೆಯೇ ನಾರ್ಮಲ್ ಅಂತ ಬರೆದು ಸಹಿ ಹಾಕಿದ್ದಾನೆ.

ಅವನು ಯಾರೆಂದು ಗೊತ್ತಿಲ್ಲ. ಗೊತ್ತಿದ್ದರೆ ಈ ಕೋರ್ಸಿಗೆ ಸೇರುತ್ತಿರಲಿಲ್ಲ, ಜೈಲಿಗೆ ಸೇರುತ್ತಿದ್ದೆ.

ಜೂನ್ 17, ಮಂಗಳವಾರ

ಅಮ್ಮನಿಗೆ ಹೇಳಬಾರದಿತ್ತು. ಹೇಳಿದೆ.

"ಊರಿಗೊಂದು ದಾರಿಯಾದ್ರೆ ಎಡವಟ್ಟಿಗೊಂದು ದಾರಿ. ಸುತ್ತು ಬಿಡಿಸೋಕೆ ಏನು ಕಷ್ಟ ನಿಂಗೆ? ರಂಗೋಲಿ ಹಾಕೋಕೂ ಬರ್ತಿರಲಿಲ್ಲ, ಅದಕ್ಕಾ?"

"ಕಾಣದೇ ಇರೋದನ್ನ ಹೇಗಮ್ಮ ಬಿಡಿಸ್ಲಿ?"

"ನಿನ್ನ ಮೈಯಲ್ಲಿ ರಕ್ತ ಇದೆ ತಾನೇ? ರಕ್ತದಲ್ಲಿ ಕಣ ಇರುತ್ತೆ ತಾನೇ? ಇರೋದನ್ನ ಇದೆ ಅಂತ ಬರೆದ್ರೆ ಸುಳ್ಳು ಹೇಗಾಗುತ್ತೆ?"

ಅಮ್ಮ ವಕೀಲೆ ಆಗಬೇಕಿತ್ತು.

"ಅಕ್ಕನ ರಿಪೋರ್ಟು ಬರೆದವನೂ ಹೀಗೇ ಅಂದ್ಕೊಂಡಿರ್ತಾನೆ. ಹೆಚ್ಚಿನವರದು ನಾರ್ಮಲ್ಲೇ ಇರುತ್ತೆ, ಇದೂ ಇರುತ್ತೆ ಅಂತ."

ಅಮ್ಮ ಒಗೆದ ಬಟ್ಟೆ ಮಡಚುತ್ತಿದ್ದವಳು ನಿಂತಳು. ಅಕ್ಕನ ಮಾತು ಎತ್ತಬಾರದು ಅಂತ ನಮ್ಮಿಬ್ಬರಲ್ಲಿ ಹೇಳದ ಒಪ್ಪಂದ. ಮುರಿದೆ. ಅವಳು ಟವೆಲು ಬಿಚ್ಚಿ ಮತ್ತೆ ಮಡಚಿದಳು. "ಊಟಕ್ಕೆ ಬಾ" ಅಂದಳು, ಅಷ್ಟೇ. ಆಮೇಲೆ ನನ್ನ ಮೇಲೇ ಸಿಟ್ಟು ಬಂತು.

ಜೂನ್ 19, ಗುರುವಾರ. ಕ್ಲಾಸಿನಲ್ಲೇ, ಕೊನೆಯ ಪುಟದಲ್ಲಿ.

ಇವತ್ತಿನ ಪಾಠ ಆಸ್ಮೋಸಿಸ್. ಮೇಡಂ ಇವತ್ತು ಖುಷಿಯಲ್ಲಿದ್ದರು, ಗಾದೆ ಹೇಳಿ ಶುರು ಮಾಡಿದರು. "ಉಪ್ಪು ತಿಂದವರು ನೀರು ಕುಡೀಲೇಬೇಕು. ಜೀವಕೋಶಕ್ಕೂ ಅದೇ ನ್ಯಾಯ. ಎಲ್ಲಿ ಉಪ್ಪು ಜಾಸ್ತಿಯೋ ಅಲ್ಲಿಗೆ ನೀರು." ಚೆನ್ನಾಗಿ ಹೇಳುತ್ತಾರೆ, ಮನಸ್ಸು ಮಾಡಿದರೆ. ರಕ್ತಕಣವನ್ನು ತಕ್ಕ ಅಳತೆಯ ಉಪ್ಪುನೀರಿನಲ್ಲಿ, ಅಂದರೆ ಸಲೈನಿನಲ್ಲಿ ಬಿಟ್ಟರೆ ಹಾಗೇ ಇರುತ್ತದೆ. ಬರೀ ನೀರಿನಲ್ಲಿ ಬಿಟ್ಟರೆ ನೀರು ಒಳಗೆ ನುಗ್ಗುತ್ತದೆ, ಕಣ ಉಬ್ಬುತ್ತದೆ, ಉಬ್ಬಿ ಉಬ್ಬಿ ಒಡೆಯುತ್ತದೆ. ಒಳಗಿನ ಕೆಂಪು ನೀರಿಗೆ ಬೆರೆತು —

ತೆಳು ಗುಲಾಬಿ!

ಕೈ ಎತ್ತಿದೆ. "ಮೇಡಂ, ಹಾಗಾದ್ರೆ ನಮ್ಮ ಲ್ಯಾಬಿನ ಸಲೈನಲ್ಲಿ ಉಪ್ಪು ಇದೆಯಾ?"

ಕ್ಲಾಸೆಲ್ಲ ನಕ್ಕಿತು. ಮೇಡಂ ನಗಲಿಲ್ಲ. "ನೀವೇನು ಲ್ಯಾಬ್ ಇನ್‌ಚಾರ್ಜಾ?" ಅಂದರು. ಬೋರ್ಡಿನ ಕಡೆ ತಿರುಗಿ ಬರೆದದ್ದನ್ನೇ ಇನ್ನೊಮ್ಮೆ ಬರೆದರು.

ಜೂನ್ 20, ಶುಕ್ರವಾರ

ಬೇಗ ಹೋದೆ. ಲ್ಯಾಬು ತೆರೆದಿತ್ತು, ಯಾರೂ ಇರಲಿಲ್ಲ. ಎರಡು ಬಾಟಲಿ ಪಕ್ಕಪಕ್ಕ. ಒಂದರ ಮೇಲೆ ಸಲೈನ್, ಒಂದರ ಮೇಲೆ ಡಿಸ್ಟಿಲ್ಡ್ ವಾಟರ್, ಅಂದರೆ ಏನೂ ಬೆರೆಸದ ಬರೀ ನೀರು. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬೋರ್ಡು: ಲ್ಯಾಬಿನಲ್ಲಿ ಏನನ್ನೂ ಬಾಯಿಗಿಡಬಾರದು.

ಸಲೈನಿನ ಹನಿ ನಾಲಿಗೆಗಿಟ್ಟೆ.

ಸಪ್ಪೆ. ಒಂದು ಹನಿ ಕಣ್ಣೀರಿನಷ್ಟೂ ಉಪ್ಪಿಲ್ಲ.

"ಅಯ್ಯಯ್ಯೋ, ಏನ್ ಕುಡೀತಿದೀರ!" ಅಟೆಂಡರ್ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿದ್ದ ಪೊರಕೆ ಕೆಳಗೆ ಬಿತ್ತು.

"ಇದಕ್ಕೆ ಉಪ್ಪು ಹಾಕಿಲ್ಲ ನೀವು."

"ಉಪ್ಪಾ? ತೂಕದ ಮೆಷಿನ್ ಕೆಟ್ಟಾಗ ಮೇಡಮ್ಮೇ ಹೇಳಿದ್ರು, ಸದ್ಯಕ್ಕೆ ಹಾಗೇ ತುಂಬಿಸಿಡು ಅಂತ. ಆಮೇಲೆ ಮೆಷಿನ್ ರಿಪೇರಿ ಆಯ್ತು. ಉಪ್ಪು ಹಾಕು ಅಂತ ಯಾರೂ ಹೇಳ್ಲಿಲ್ಲ."

"ಅದು ಯಾವಾಗ?"

"ಯಾವ ಕಾಲದ್ದೋ. ನಿಮ್ಮ ಮುಂಚಿನವರು, ಅವರ ಮುಂಚಿನವರು, ಎಲ್ರೂ ಇದ್ರಲ್ಲೇ ಮಾಡಿದ್ದು. ಒಬ್ರಾದ್ರೂ ಸರಿಯಿಲ್ಲ ಅಂದಿದ್ರೆ ಗೊತ್ತಾಗ್ತಿತ್ತು." ಬೀರು ತೆಗೆದು ಹಳೇ ಬ್ಯಾಚಿನ ರೆಕಾರ್ಡು ತೋರಿಸಿದ. "ನೋಡಿ ಬೇಕಾದ್ರೆ. ಎಲ್ರಿಗೂ ಬಂದಿದೆ."

ನೋಡಿದೆ. ಪುಟದ ಮೇಲೆ ಪುಟ. ದುಂಡಗೆ, ನಡುವೆ ತಗ್ಗು. ಅಂದವಾಗಿ ಶೇಡ್ ಮಾಡಿದ್ದಾರೆ, ಬಣ್ಣ ತುಂಬಿದ್ದಾರೆ. ಪ್ರತಿ ಪುಟಕ್ಕೂ ಸಹಿ. ಒಬ್ಬರಿಗೂ ಒಂದು ಕಣವೂ ಕಂಡಿರಲು ಸಾಧ್ಯವಿಲ್ಲ. ಇವರೆಲ್ಲ ಈಗ ಯಾವ್ಯಾವ ಲ್ಯಾಬುಗಳಲ್ಲಿ ಕೂತು ಯಾರ್ಯಾರ ಅಕ್ಕಂದಿರ ರಕ್ತಕ್ಕೆ ನಾರ್ಮಲ್ ಅಂತ ಬರೆಯುತ್ತಿದ್ದಾರೋ. ಮೈಯೆಲ್ಲ ಉರಿದುಹೋಯಿತು.

ಜೂನ್ 24, ಮಂಗಳವಾರ

ಸ್ಟಾಫ್‌ರೂಮು. ಮೇಡಂ ಊಟದ ಡಬ್ಬಿ ಮುಚ್ಚಿ ಕೂರಲು ಹೇಳಿದರು. ಕೂರಲಿಲ್ಲ. ಎಲ್ಲ ಹೇಳಿದೆ. ನಾಲಿಗೆಗಿಟ್ಟದ್ದನ್ನೂ.

ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು, ನಾನೂ ಬೈಯಬಹುದಿತ್ತು. ಅವರು ಕಣ್ಣುಜ್ಜಿಕೊಂಡರು.

"ಸದ್ಯಕ್ಕೆ ಅಂದಿದ್ದು ಮರೆತೇ ಹೋಗಿತ್ತು. ಗುರುವಾರವೇ ನೆನಪಾಯ್ತು. ನೀವು ಕ್ಲಾಸಲ್ಲಿ ಕೇಳಿದ ದಿನವೇ."

"ಹಾಗಾದ್ರೆ ಇನ್ನೊಂದ್ಸಲ ಮಾಡ್ಸಿ ಮೇಡಂ. ಉಪ್ಪು ನಾನೇ ತರ್ತೀನಿ."

"ಯಾವಾಗ? ಶುಕ್ರವಾರ ರೆಕಾರ್ಡು ಹೋಗ್ಬೇಕು. ಅಲ್ಲೀತನಕ ಲ್ಯಾಬು ಬೇರೆ ಬ್ಯಾಚಿಂದು. ನಿಮ್ಮೊಬ್ರದ್ದು ಸರಿ ಮಾಡಿದ್ರೆ ಉಳಿದವರದ್ದು ತಪ್ಪು ಅಂತ ನಾನೇ ಬರೆದುಕೊಟ್ಟ ಹಾಗೆ. ಎಲ್ರಿಗೂ ಪರೀಕ್ಷೆ ತಪ್ಪುತ್ತೆ. ಬೇಡ. ಮುಂದಿನ ಬ್ಯಾಚಿಗೆ ಖಂಡಿತ ಸರಿ ಮಾಡಿಸ್ತೀನಿ."

"ನನ್ನ ಪುಟಕ್ಕೆ ಹಾಗೇ ಸಹಿ ಹಾಕಿ. ಕಾಣಲಿಲ್ಲ ಅಂತ ಬರೆದಿದ್ದೀನಿ, ನಿಜ ತಾನೇ?"

"ಹೊರಗಿಂದ ಬರೋ ಪರೀಕ್ಷಕರು ನೋಡ್ತಾರಲ್ರೀ. ಯಾಕೆ ಕಾಣ್ಲಿಲ್ಲ ಅಂತ ಕೇಳಲ್ವಾ?" ಡಬ್ಬಿ ಪಕ್ಕಕ್ಕೆ ಸರಿಸಿದರು. "ನಿಮ್ಮ ಕೈಮುಗೀತೀನಿ. ಬಿಡಿಸ್ಬಿಡಿ."

ಗುಟುರು ಹಾಕಿದರೆ ಎದುರು ನಿಲ್ಲಬಹುದು. ಕೈಮುಗಿದರೆ ಏನು ಮಾಡಬೇಕು? ಬಾಗಿಲನ್ನು ದಡಾರನೆ ಹಾಕಿಕೊಂಡು ಬಂದೆ. ಅಷ್ಟೇ ನನ್ನ ಕೈಲಾದದ್ದು.

ಜೂನ್ 26, ಗುರುವಾರ

ನಾನು ಮೇಡಂ ಹತ್ತಿರ ಹೋದ ಸುದ್ದಿ ಹರಡಿದೆ. ಕ್ಯಾಂಟೀನಿನಲ್ಲಿ ನಾನು ಕೂತ ಮೇಜಿನಿಂದ ಒಬ್ಬೊಬ್ಬರೇ ಎದ್ದರು. ಜಿರಾಫೆ ಮಾತ್ರ ಕೂತ. ಟೀ ಮುಗಿಸಿ ಲೋಟ ಪಕ್ಕಕ್ಕಿಟ್ಟ.

"ಆಂಟಿ, ನೀವು ಹೇಳೋದು ಸರಿ. ಆದ್ರೆ ನಂಗೆ ಮನೇಲಿ ಇದೊಂದೇ ಚಾನ್ಸು ಅಂದಿದ್ದಾರೆ. ಪಾಸಾಗ್ಲಿಲ್ಲ ಅಂದ್ರೆ ಚಿಕ್ಕಪ್ಪನ ಗ್ಯಾರೇಜು. ನಿಮ್ಮ ಸಿಟ್ಟಿಗೆ ನಮ್ಮನ್ನೆಲ್ಲ ಬಲಿ ಕೊಡ್ಬೇಡಿ."

ಅವನ ಕತ್ತು ಹಿಸುಕಬೇಕು ಅನ್ನಿಸಿತು. ಅಷ್ಟು ಉದ್ದದ ಕತ್ತು. ಎಲ್ಲಿಂದ ಶುರು ಮಾಡುವುದು?

ಮನೆಯಲ್ಲಿ ಅಮ್ಮ ಗಾದೆ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಎದುರು ಕೂತು ಮೆತ್ತಗೆ ಕೇಳಿದಳು.

"ನಿಂಗೆ ಆ ಕುರ್ಚೀಲಿ ಕೂತು ಸರಿಯಾಗಿ ನೋಡೋ ಆಸೆ ತಾನೇ? ಕುರ್ಚೀನೇ ಸಿಗ್ಲಿಲ್ಲ ಅಂದ್ರೆ ಏನ್ ನೋಡ್ತೀಯ? ಮೊದ್ಲು ಕೂತ್ಕೋ. ಆಮೇಲೆ ನೋಡು."

ಜೂನ್ 27, ಶುಕ್ರವಾರ. ಮಧ್ಯಾಹ್ನ.

ಬಿಡಿಸಿದೆ.

ಅಂಗಡಿಯ ಕೌಂಟರಿನ ಮೇಲೆ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ಪೆನ್ನಿನ ಮುಚ್ಚಳ ಇಟ್ಟು ಗೆರೆ ಎಳೆದೆ. ನಡುವೆ ತಗ್ಗು. ಒಂದರ ಮೇಲೊಂದು ಚೂರು ಹತ್ತಿಕೊಂಡ ಹಾಗೆ, ನಿಜಕ್ಕೂ ತೇಲುತ್ತಿರುವ ಹಾಗೆ. ಸಿಟ್ಟಿಗೆ ಕೈ ಇನ್ನೂ ಚೆನ್ನಾಗಿ ಓಡಿತು. ಸುಳ್ಳು ಬರೆಯುವುದಾದರೆ ನೆಟ್ಟಗೆ ಬರೆಯೋಣ ಅಂತ ಶೇಡ್ ಕೂಡ ಮಾಡಿದೆ.

ಮೇಡಂ ಪುಟ ನೋಡಿದರು. ನನ್ನ ಮುಖ ನೋಡಲಿಲ್ಲ. ಸಹಿ ಹಾಕಿದರು. ಪಕ್ಕದಲ್ಲಿ 'ತುಂಬಾ ಚೆನ್ನಾಗಿದೆ' ಅಂತಲೂ ಬರೆದರು. ಅದನ್ನು ಬರೆಯದಿದ್ದರೆ ಏನಾಗುತ್ತಿತ್ತು ಅವರಿಗೆ?

ಆಗಸ್ಟ್ 11, ಸೋಮವಾರ

ಪಾಸು. ಸೀಟು ಸಿಕ್ಕಿತು. ಜಿರಾಫೆಗೂ ಸಿಕ್ಕಿತು, ಬಸ್‌ಸ್ಟಾಪಿನಲ್ಲಿ ಕುಣಿದ. ಅಮ್ಮ ಅಕ್ಕನ ಫೋಟೋದ ಮುಂದೆ ಸುಮ್ಮನೆ ನಿಂತಿದ್ದಳು. ನಾನು ಆ ಕೋಣೆಗೆ ಹೋಗಲಿಲ್ಲ. ಬಟ್ಟೆ ಒಣಗಿಸುವುದಿತ್ತು.

ನವೆಂಬರ್ 3, ಸೋಮವಾರ. ಸಂಜೆ.

ಇದನ್ನು ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಕೋರ್ಸು ಶುರುವಾಗಿ ಇಷ್ಟು ದಿನವಾದರೂ ನಮಗೆ ಬಾಟಲಿ ತೊಳೆಯುವುದು, ಮೂತ್ರ ಪರೀಕ್ಷೆ, ಅಷ್ಟೇ. ರಕ್ತ ಮುಂದಿನ ಟರ್ಮಿಗಂತೆ. ಇವತ್ತು ಮೇಡಂ ಕರೆದರು. ಅನಾಟಮಿಯ ಹೊಸ ಬ್ಯಾಚಿಗೆ ಪ್ರಾಕ್ಟಿಕಲ್, ಹುಡುಗಿಯರು ಸೂಜಿಗೆ ಹೆದರುತ್ತಾರೆ, ಬಂದು ಸಹಾಯ ಮಾಡಿ ಅಂದರು. ಹೋದೆ. ಮುಂದಿನ ಮೇಜಿನ ಮೇಲೆ ಒಂದು ರೆಕಾರ್ಡು ತೆರೆದಿಟ್ಟಿದ್ದರು, ಎಲ್ಲರೂ ನೋಡಿ ಕಲಿಯಲಿ ಅಂತ.

ನನ್ನದು. ಆ ಪುಟ.

ಮೇಡಂ ಕಡೆ ನೋಡಿದೆ. ಫೋನಿನಲ್ಲಿದ್ದರು. ಅಟೆಂಡರ್ ಕಡೆ ನೋಡಿದೆ. ಅವನು ಕಿಟಕಿ ಒರೆಸತೊಡಗಿದ. ಮುಂದಿನ ಬ್ಯಾಚಿಗೆ ಸಲೈನು ಸರಿ ಮಾಡಿಸ್ತೀನಿ ಅಂದಿದ್ದರಲ್ಲ? ಇರಲಿ, ಅವರನ್ನು ಬೈದು ಏನು ಪ್ರಯೋಜನ. ಸೀಟು ಸಿಕ್ಕ ಮೇಲೆ ಈ ಲ್ಯಾಬಿನ ಮುಂದೆಯೇ ದಿನಾ ಓಡಾಡಿದ್ದೇನೆ. ಒಂದು ಚಮಚ ಉಪ್ಪು ತರುವುದು ನನ್ನಿಂದಲೂ ಆಗಲಿಲ್ಲ. ಕುರ್ಚಿ ಸಿಕ್ಕಿತು, ಕೂತೆ.

ಮೂಲೆಯಲ್ಲಿ ಒಬ್ಬಳು, ಸಣ್ಣ ಹುಡುಗಿ, ಎರಡು ಜಡೆ. ಎಲ್ಲರೂ ಬಿಡಿಸುತ್ತಿದ್ದರೆ ಇವಳೊಬ್ಬಳು ಇನ್ನೂ ಬಗ್ಗಿಯೇ ಇದ್ದಳು. ಒಂದು ಬೆರಳು ಚುಚ್ಚಿ, ಎರಡನೆಯದನ್ನೂ ಚುಚ್ಚಿದ್ದಳು.

"ಅಕ್ಕಾ, ಏನೂ ಕಾಣ್ತಿಲ್ಲ. ಬರೀ ಗುಲಾಬಿ."

"ಫೋಕಸ್ ಸರಿಯಾಗಿ ಮಾಡು."

"ಮಾಡ್ದೆ ಅಕ್ಕಾ." ಮೇಜಿನ ಮೇಲಿದ್ದ ರೆಕಾರ್ಡು ತೋರಿಸಿದಳು. "ಅದು ನಿಮ್ದೇ ಅಂತೆ. ನಿಮಗೆ ನಿಜವಾಗ್ಲೂ ಕಂಡಿತ್ತಾ?"

ಮೇಡಂ ಫೋನು ಇಳಿಸಿದರು. ಲ್ಯಾಬಿನಲ್ಲಿ ಎಲ್ಲರೂ ಪೆನ್ಸಿಲ್ ಆಡಿಸುತ್ತಿದ್ದರು. ಯಾರೂ ನನ್ನ ಕೈ ಹಿಡಿದಿರಲಿಲ್ಲ, ಬಾಯಿ ಮುಚ್ಚಿರಲಿಲ್ಲ. ಇವತ್ತು ರೆಕಾರ್ಡು ಒಪ್ಪಿಸುವ ಶುಕ್ರವಾರವೂ ಅಲ್ಲ.

"ಕಂಡಿತ್ತು" ಅಂದೆ.

ನಂಬಿದಳು. ಅಷ್ಟು ಬೇಗ ನಂಬಿದಳು, ಮೂರ್ಖ ಹುಡುಗಿ. ತಪ್ಪು ತನ್ನದೇ ಅಂತ ಮುಖ ಸಣ್ಣಗೆ ಮಾಡಿಕೊಂಡಳು. ಕಣ್ಣು ಸರಿಯಿಲ್ಲವೇನೋ, ಕನ್ನಡಕ ಬೇಕೇನೋ ಅಂದಳು. ಆಮೇಲೆ ಪುಸ್ತಕ ತೆಗೆದು, ಪೆನ್ಸಿಲು ಹಿಡಿದು ಕೇಳಿದಳು, "ಎಷ್ಟು ಬಿಡಿಸ್ಲಿ ಅಕ್ಕಾ?"

ನಾನು ಹೇಳಿದೆ. ಪುಟ ತುಂಬ ಬಿಡಿಸು, ಚೆನ್ನಾಗಿ ಕಾಣುತ್ತೆ ಅಂತ ಹೇಳಿದೆ.

ಇಷ್ಟು ದಿನ ಅವನನ್ನು ಬೈದೆ, ಅಕ್ಕನ ರಿಪೋರ್ಟು ಬರೆದ, ಹೆಸರು ಗೊತ್ತಿಲ್ಲದ ಅವನನ್ನು. ಮನಸ್ಸಿನಲ್ಲೇ ಅವನ ಕಪಾಳಕ್ಕೆ ಎಷ್ಟು ಸಲ ಹೊಡೆದಿದ್ದೇನೆ. ಅವನು ರಾಕ್ಷಸ ಅಂದುಕೊಂಡಿದ್ದೆ. ರಾಕ್ಷಸನಾಗುವುದೇನೂ ಬೇಕಿಲ್ಲ. ಒಂದು ಮಾತು ಸಾಕು, ಅದೂ ಮೆತ್ತಗೆ.

ಅಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. ಬೇಡ ಅಂದೆ. ಮತ್ತೆ ಕರೆದಳು, ಕಿರುಚಿದೆ. ಅವಳ ತಪ್ಪಲ್ಲ. ಆಮೇಲೆ ಹೋಗಿ ಹೇಳಬೇಕು, ಅವಳ ತಪ್ಪಲ್ಲ ಅಂತ.

ಆ ಹುಡುಗಿಯ ಹೆಸರೂ ಕೇಳಲಿಲ್ಲ. ನಾಳೆ ಅವಳ ಕ್ಲಾಸು ಎಲ್ಲಿದ್ದರೂ ಹುಡುಕುತ್ತೇನೆ. ಉಪ್ಪು ಅಳೆದು, ಕುದಿಸಿ ಆರಿಸಿದ ನೀರಿಗೆ ಬೆರೆಸಿ ಒಯ್ಯುತ್ತೇನೆ. ಮೇಡಂ ಎದುರಲ್ಲೇ ಮೈಕ್ರೋಸ್ಕೋಪಿನ ಮುಂದೆ ಅವಳನ್ನು ಕೂರಿಸಿ, ನನ್ನ ಬೆರಳಿಗೇ ಸೂಜಿ ಚುಚ್ಚಿಕೊಂಡು, ನೋಡು, ನಿನ್ನ ಕಣ್ಣು ಸರಿಯಾಗೇ ಇದೆ, ನಾನು ನಿನ್ನೆ ಹೇಳಿದ್ದು — ನಾನೂ ಇದನ್ನ ಇವತ್ತೇ ಮೊದಲ ಸಲ —